ಹಡಗಿನ ಸಿನಿಮಾ ಮತ್ತು ನನ್ನ ಹೊಟ್ಟೆಕಿಚ್ಚು

ಕಿರಾಣಿ ಅಂಗಡಿಯವನಿಗೆ ಎದುರಿನ ಕಿರಾಣಿ ಅಂಗಡಿಯವನ ಮೇಲೆ ಹೊಟ್ಟೆಕಿಚ್ಚು ಇರುತ್ತದೆ, ವಕೀಲನಿಗೆ ವಕೀಲನ ಮೇಲೆ ಇರುತ್ತದೆ, ಅದು ಲೋಕರೂಢಿ. ನನಗೆ ಮಾತ್ರ ಒಂದು ಸಿನಿಮಾದ ಮೇಲೆ. ಸಮುದ್ರದ ಆಚೆ ಯಾರೋ ಮಾಡಿದ ಸಿನಿಮಾ, ಅವರಿಗೆ ಶಹಾಪುರ ಅನ್ನೋ ಊರು ಇದೆಯೆಂದೂ ಗೊತ್ತಿರಲಿಕ್ಕಿಲ್ಲ. ಆದರೂ ಅದರ ದೆಸೆಯಿಂದ ವರ್ಷಕ್ಕೆ ಒಂದೆರಡು ಸಲವಾದರೂ ನಾನು ನಾಲ್ಕು ಜನರ ಎದುರು ನಗೆಪಾಟಲಾಗುವುದು ತಪ್ಪಿಲ್ಲ.

ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ವಿಡಿಯೋ ನನ್ನ ಕಸುಬು. ವಧು ಕಮಲದೊಳಗಿಂದ ಎದ್ದು ಬರುವುದು, ವರ ಚಂದ್ರನ ಮೇಲೆ ಕೂತು ಕೈ ಬೀಸುವುದು, ಬೀಗರು ಜಲಪಾತದ ಮುಂದೆ ನಿಂತು ಹುಗ್ಗಿ ಉಣ್ಣುವುದು, ಇವೆಲ್ಲ ನಾನು ಮಿಕ್ಸಿಂಗಿನಲ್ಲಿ, ಅಂದರೆ ಚಿತ್ರಕ್ಕೆ ಚಿತ್ರ ಕೂಡಿಸಿ, ಮಾಡಿದ ಚಮತ್ಕಾರಗಳು. ಹಾಗಾಗಿ ಚಮತ್ಕಾರದ ವಿಷಯದಲ್ಲಿ ಇನ್ನೊಬ್ಬರನ್ನು ಹೊಗಳಿದರೆ ನನಗೆ ಸಹಿಸುವುದಿಲ್ಲ.

ಆ ಸಿನಿಮಾಕ್ಕೆ ಉದ್ದದ ಇಂಗ್ಲಿಷ್ ಹೆಸರಿತ್ತು. ನಮ್ಮ ಕಡೆ ಅದನ್ನು ಯಾರೂ ಹೇಳುವುದಿಲ್ಲ, ‘ಹಡಗಿನ ಸಿನಿಮಾ’ ಅಂದರೆ ಸಾಕು. ಒಂದು ಊರಿನಷ್ಟು ದೊಡ್ಡ ಬೆಳ್ಳಿ ಹಡಗು ಆಕಾಶದಲ್ಲಿ ನಿಧಾನಕ್ಕೆ ಹೋಗುತ್ತಿರುತ್ತದೆ. ಮುಂದೆ ಒಂದು ಕಡೆ ಸಮುದ್ರವೇ ತಲೆಕೆಳಗಾಗಿ ನೆತ್ತಿಯ ಮೇಲೆ ನಿಂತಿದೆ, ಒಂದು ಹನಿ ಕೆಳಗೆ ಬೀಳುವುದಿಲ್ಲ. ಹಡಗು ಮೆಲ್ಲಗೆ ಮೇಲೆದ್ದು ಆ ನೀರಿನೊಳಗೆ ಹೋಗುತ್ತದೆ. ಕಥೆ ಏನೆಂದು ಕೇಳಿದರೆ ಊರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಆ ಸಮುದ್ರವನ್ನು ಒಬ್ಬರೂ ಮರೆತಿಲ್ಲ.

ಮಿರ್ಚಿ ಭಜಿ

ಮದುವೆಯಾದ ಹೊಸತು. ಯಾದಗಿರಿಯ ಟಾಕೀಸಿಗೆ ಹಡಗಿನ ಸಿನಿಮಾ ಬಂದಿತ್ತು, ಹೆಂಡತಿಯನ್ನು ಕರೆದುಕೊಂಡು ಹೋದೆ. ಹೊಸ ಸೀರೆ, ಮಲ್ಲಿಗೆ, ಕತ್ತಲು, ಪಕ್ಕದಲ್ಲಿ ನಾನು. ನನ್ನ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಅನ್ನಿಸಿ ಕಿವಿಯ ಹತ್ತಿರ ಬಾಗಿದೆ.

"ನೋಡು, ಅದು ಖರೇ ಹಡಗಲ್ಲ. ಬೊಂಬಿ. ಸಣ್ಣದು ಮಾಡಿ ದೊಡ್ಡದು ಕಾಣಂಗ ತಗದಾರ."

"ಹೌದ್ರಿ?"

"ಹೂಂ ಮತ್ತ. ಅದರ ಹಿಂದ ಬೆಂಕಿ ಕಾಣತದಲ್ಲ, ಅದೂ ಬ್ಯಾರೆ ತಗದು ಕೂಡಸ್ಯಾರ."

"ಜರಾ ಸುಮ್ಮ ಕುಂದರ್ರಿ. ನಡುವ ನಡುವ ಬರಬ್ಯಾಡ್ರಿ."

ಮದುವೆಯಾಗಿ ತಿಂಗಳಾಗಿರಲಿಲ್ಲ, ಆಗಲೇ ನಾನು ‘ನಡುವೆ ಬರುವವನು’ ಆಗಿಬಿಟ್ಟಿದ್ದೆ. ಇಂಟರ್‌ವಲ್ಲಿನಲ್ಲಿ ಬಿಸಿ ಬಿಸಿ ಮಿರ್ಚಿ ಭಜಿ ತಂದುಕೊಟ್ಟೆ. ಅಷ್ಟರಲ್ಲಿ ಆ ತಲೆಕೆಳಗಾದ ಸಮುದ್ರ ಬಂತು. ಅವಳ ಕೈಯಲ್ಲಿದ್ದ ಭಜಿ ಬಾಯಿಯವರೆಗೂ ಬರಲಿಲ್ಲ, ತೆರೆದ ಬಾಯಿ ಮುಚ್ಚಲಿಲ್ಲ. ನಾನು ಪರದೆ ನೋಡುವುದು ಬಿಟ್ಟು ಅವಳನ್ನೇ ನೋಡಿದೆ. ನಾನು ತಾಳಿ ಕಟ್ಟುವಾಗಲೂ ಆ ಮುಖದ ಮೇಲೆ ಇಂಥ ಬೆರಗು ಇರಲಿಲ್ಲ. ಒಂದು ತಗಡಿನ ಬೊಂಬೆಗೆ ಸಿಕ್ಕಿದ್ದು ಕಟ್ಟಿಕೊಂಡ ಗಂಡನಿಗೆ ಸಿಕ್ಕಿಲ್ಲವಲ್ಲ ಎಂದು ಹೊಟ್ಟೆಯೊಳಗೆ ಮಿರ್ಚಿಗಿಂತ ಹೆಚ್ಚು ಉರಿಯಿತು. ಒಂದಲ್ಲ ಒಂದು ದಿನ ನಾನು ಮಾಡಿದ್ದನ್ನು ನೋಡಿ ಇವಳು ಹೀಗೇ ಬಾಯಿ ತೆರೆಯಬೇಕು ಎಂದು ಅಲ್ಲೇ, ಆ ಕುರ್ಚಿಯಲ್ಲೇ, ನಿಶ್ಚಯ ಮಾಡಿದೆ.

ನಮ್ಮ ಮದುವೆಯ ವಿಡಿಯೋ ತೆಗೆದವರು ನನ್ನ ಗುರುಗಳು. ಮಿಕ್ಸಿಂಗ್ ಮಾತ್ರ ನಾನೇ ಕೂತು ಮಾಡಿದೆ. ಅವಳನ್ನು ಕಮಲದಲ್ಲಿ ಕೂಡಿಸಿದೆ, ನನ್ನನ್ನು ಸೂರ್ಯನಲ್ಲಿ ಕೂಡಿಸಿಕೊಂಡೆ, ಇಬ್ಬರನ್ನೂ ಹಿಮದ ಬೆಟ್ಟಗಳ ಮೇಲೆ ಹಾರಿಸಿದೆ. ಟಿವಿ ಮುಂದೆ ಅವಳನ್ನು ಕೂರಿಸಿ, ನಾನು ಹಿಂದೆ ನಿಂತು, ಉಸಿರು ಬಿಗಿಹಿಡಿದೆ. ಅರಿಶಿಣದ ಭಾಗ ಮುಗಿಯಿತು, ಬೀಗರ ಸ್ವಾಗತ ಮುಗಿಯಿತು, ಹಿಮದ ಬೆಟ್ಟ ಬಂತು. ಮೆಲ್ಲಗೆ ಬಗ್ಗಿ ಅವಳ ಮುಖ ನೋಡಿದೆ. ಬಾಯಿ ತೆರೆದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಗೊರಕೆ ಬರುತ್ತಿತ್ತು.

ಕೆಂಭಾವಿಯ ಹಡಗು

ಕೆಂಭಾವಿಯ ಒಬ್ಬ ಬಟ್ಟೆ ಅಂಗಡಿ ಸಾವ್ಕಾರರು ಮಗನ ಮದುವೆಯ ವಿಡಿಯೋ ನನಗೇ ಒಪ್ಪಿಸಿದರು. ಒಂದೇ ಒಂದು ಷರತ್ತು ಹಾಕಿದರು.

"ಹೂವಿನಾಗಿಂದ ಬರೂದು, ಚಂದ್ರನಾಗಿಂದ ಬರೂದು ಎಲ್ಲಾ ಹಳೇದಾತು. ಹಡಗಿನ ಸಿನಿಮಾ ನೋಡಿರಿಲ್ಲ? ಅಂಥಾ ಹಡಗಿನಾಗಿಂದ ನಮ್ಮ ಹುಡುಗಾ ಹುಡುಗಿ ಇಳೀಬೇಕು."

ನಾನು ಕಂಡುಹಿಡಿದ ಕಮಲ ಹಳೆಯದಾಯಿತಂತೆ, ನನಗಿಂತ ಎಷ್ಟೋ ಮುಂಚೆ ಯಾರೋ ಮಾಡಿದ ಹಡಗು ಹೊಸದಂತೆ! ಆದರೆ ಹೊಟ್ಟೆಕಿಚ್ಚಿನ ಹಿಂದೆಯೇ ಹಟವೂ ಬಂತು. ಅವರು ಬೊಂಬೆ ಮಾಡಿ ತೆಗೆದರೆ ನಾನೂ ಬೊಂಬೆ ಮಾಡುತ್ತೇನೆ. ಮನೆಯ ಇಡ್ಲಿ ಪಾತ್ರೆ, ಎರಡು ಟಾರ್ಚು, ಸೈಕಲ್ಲಿನ ಮಡ್‌ಗಾರ್ಡು ಸೇರಿಸಿ, ಬೆಳ್ಳಿ ಬಣ್ಣ ಹೊಡೆದು, ಕಪ್ಪು ಬಟ್ಟೆಯ ಮುಂದೆ ದಾರದಲ್ಲಿ ತೂಗುಬಿಟ್ಟು ತೆಗೆದೆ. ಇಡ್ಲಿ ಪಾತ್ರೆ ಎಲ್ಲಿ ಎಂದು ಹೆಂಡತಿ ಕೇಳಿದಾಗ ಆಕಾಶದಲ್ಲಿ ಇದೆ ಎಂದೆ. ಅವಳು ಮೂರು ದಿನ ಮಾತು ಬಿಟ್ಟಳು.

ಸಾವ್ಕಾರರಿಗೆ ಹಡಗು ತುಂಬ ಹಿಡಿಸಿತು. ಎರಡನೇ ಸಲ ನೋಡುವಾಗ ಅವರ ಹುಬ್ಬು ಗಂಟಾಯಿತು.

"ನಮ್ಮ ಅಣ್ಣಾರು ಎಲ್ಲಿ?"

"ಹಡಗಿನಾಗ ಬರೇ ಹುಡುಗಾ ಹುಡುಗಿರಿ ಸಾವ್ಕಾರ್ರ."

"ಅಣ್ಣಾರ್ನ ಬಿಟ್ಟು ಹಡಗು ಹೊಂಟತೇನು? ನಾಳಿ ಅವರು ನನ್ನ ಮಾರಿ ನೋಡೂದಿಲ್ಲ. ಹಾಕ್ರಿ ಅವರ್ನ."

ಅಣ್ಣನವರನ್ನು ಹಾಕಿದೆ. ಅಣ್ಣನವರು ಬಂದ ಮೇಲೆ ಸೋದರಮಾವ ಬರದೆ ಇರುತ್ತಾರೆಯೇ? ನಮ್ಮ ಕಡೆ ಮದುವೆಯಲ್ಲಿ ಒಬ್ಬರಿಗೆ ಮರ್ಯಾದೆಯ ಟವೆಲ್ ಹೊದಿಸಿ ಇನ್ನೊಬ್ಬರನ್ನು ಬಿಟ್ಟರೆ ಎರಡು ತಲೆಮಾರು ಮುನಿಸು ಇರುತ್ತದೆ. ಗಂಡಿನ ಕಡೆಯವರು ಇಷ್ಟು ಜನ ಏರಿದರೆಂದು ಹೆಣ್ಣಿನ ಕಡೆಯವರು ಹೇಳಿಕಳಿಸಿದರು, ಅವರೂ ಏರಿದರು. ಕಡೆಗೆ ಸಾವ್ಕಾರರ ಒಬ್ಬ ಮುದುಕಿ ಅತ್ತೆಯನ್ನು ಜಾಗ ಸಾಲದೆ ಬಾಗಿಲಲ್ಲಿ ನಿಲ್ಲಿಸಿದೆ. ಆಕೆ ವಿಡಿಯೋ ನೋಡಿ ನನಗೆ ಹೇಳಿಕಳಿಸಿದಳು: "ವಯಸ್ಸಾದಾಕಿನ್ನ ಬಾಗಲದಾಗ ನಿಂದ್ರಿಸಿಯಲ್ಲೋ ಯಪ್ಪಾ, ಗಾಳಿ ಹತ್ತಂಗಿಲ್ಲೇನು? ಒಳಗ ಕಿಟಕಿ ಬಾಜೂ ಕೂಡಸು." ಆಕೆಗಾಗಿ ಮಿಕ್ಸಿಂಗ್ ಎಲ್ಲ ಮತ್ತೆ ಮಾಡಿದೆ.

ಎಲ್ಲ ಮುಗಿದ ಮೇಲೆ ಹೆಂಡತಿಗೆ ತೋರಿಸಿದೆ. ಹಡಗು ನಕ್ಷತ್ರಗಳ ನಡುವೆ ತೇಲಿ ಬಂತು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ತೆರೆಯಿತು!

"ಬಸ್ಸಿನಂಗ ಟಾಪಿನ ಮ್ಯಾಲ ಯಾರನ್ನೂ ಕೂಡ್ಸಿಲ್ಲಲ್ರಿ?" ಅಂದಳು.

ಬಳಿಚಕ್ರದ ಗಿಳಿಗಳು

ಬಳಿಚಕ್ರಕ್ಕೆ ಒಂದು ತೊಟ್ಟಿಲ ಕಾರ್ಯಕ್ರಮದ ವಿಡಿಯೋಕ್ಕೆ ಹೋಗಿದ್ದೆ. ಊರಿನ ಹೊರಗೆ ಒಂದು ಹೊಲದಲ್ಲಿ ಸಜ್ಜೆಯ ತೆನೆಗಳ ಮೇಲೆ ಏನೋ ಫಳಫಳ ಹೊಳೆಯುತ್ತಿತ್ತು. ಗಾಡಿ ನಿಲ್ಲಿಸಿ ನೋಡಿದೆ. ತೆನೆಗೆ ಬರುವ ಗಿಳಿಗಳು ಹೆದರಲೆಂದು ಗೂಟಕ್ಕೆ ದಾರ ಕಟ್ಟಿ ಸಿಡಿಗಳನ್ನು ತೂಗುಬಿಟ್ಟಿದ್ದರು. ಒಂದು ಸಿಡಿ ಗಾಳಿಗೆ ತಿರುಗಿದಾಗ ಅದರ ಮೇಲೆ ನನ್ನ ಸ್ಟುಡಿಯೋದ ಹೆಸರು ಕಂಡಿತು.

ಹೊಲದ ಮಾಲೀಕ ನಗುತ್ತಾ ಬಂದ. ಅವನ ಮದುವೆಯ ವಿಡಿಯೋ ನಾನೇ ಮಾಡಿದ್ದೆ.

"ನೀವ ಕೊಟ್ಟಿದ್ದುರಿ. ಅರಿಶಿಣದ್ದು ಆ ಕಡಿ ಬದುವಿಗೆ ಕಟ್ಟೀನಿ. ತಾಳಿ ಕಟ್ಟೂ ಅಕ್ಕಿಕಾಳಿಂದು ನಡುವ. ಊಟದ್ದು ಈ ಕಡಿ."

ನನ್ನ ಚಮತ್ಕಾರವೆಲ್ಲ ಗೂಟಕ್ಕೆ ನೇತಾಡುತ್ತಿತ್ತು. ಆದರೂ ಕಸುಬಿನವನಿಗೆ ತನ್ನ ಕೆಲಸದ ಬಗ್ಗೆ ಕೇಳುವ ಆಸೆ ಬಿಡುವುದಿಲ್ಲ. "ಗಿಳಿ ಬರಂಗಿಲ್ಲೇನು?" ಅಂದೆ.

"ಅಕ್ಕಿಕಾಳಿನ ಸಿಡಿ ಕಡಿ ಒಂದೂ ಸುಳಿಯೂದಿಲ್ಲರಿ, ಬಾಳ ಚಲೋ ಮಾಡೀರಿ. ಊಟದ ಸಿಡಿ ಕಡಿ ಜರಾ ಬರತಾವು."

ಗಿಳಿಗಳಿಂದಾದರೂ ಮೆಚ್ಚುಗೆ ಬಂತಲ್ಲ ಎಂದುಕೊಂಡು ಗಾಡಿಯ ಕಡೆ ತಿರುಗಿದೆ. ಆದರೆ ನನ್ನ ಹಣೆಬರಹಕ್ಕೆ ಇನ್ನೊಂದು ಮಾತು ಬಾಯಿಗೆ ಬಂತು.

"ಮನ್ಯಾಗ ಬ್ಯಾರೆ ಸಿಡಿ ಇರಲಿಲ್ಲೇನಪಾ? ಮದುವಿದ ಕಟ್ಟಬೇಕಿತ್ತೇನು?"

"ಹಡಗಿನ ಸಿನಿಮಾದ್ದೊಂದು ಅದರಿ," ಅಂದ ಅವನು, ನನ್ನ ಪೆದ್ದತನಕ್ಕೆ ಮರುಗುವವನಂತೆ. "ಅದನ್ಹ್ಯಾಂಗ ಕಟ್ಟೂದ್ರಿ? ಅದನ್ನ ನೋಡತೀವಲ್ರಿ!"

ತಪ್ಪು ಹುಡುಕಲು ಹೋದದ್ದು

ಈಚೆಗೆ ಆ ಸಿನಿಮಾವನ್ನು ತೊಳೆದು ಬಳಿದು ಮತ್ತೆ ಬಿಡುಗಡೆ ಮಾಡಿದರು. ಶಹಾಪುರದ ಟಾಕೀಸಿಗೂ ಬಂತು. ಅದು ಮೊದಲು ಬಂದಾಗ ಹುಟ್ಟಿಯೂ ಇರದಿದ್ದ ಕಾಲೇಜು ಹುಡುಗರು ಸಾಲುಗಟ್ಟಿ ನಿಂತರು. ಜೇಬಿನ ಮೊಬೈಲಿನಲ್ಲಿ ಲೋಕದ ಸಿನಿಮಾ ಎಲ್ಲ ಇರುವಾಗ ಇವರಿಗೆ ಇಲ್ಲಿ ಏನು ಕೆಲಸ? ಐದು ವರ್ಷದ ಹಿಂದೆ ನಾನು ಮಾಡಿದ ವಿಡಿಯೋ ಹಾಕಿದರೆ ಮನೆಯವರೇ ಮುಸಿಮುಸಿ ನಗುತ್ತಾರೆ. ಆ ಹಡಗನ್ನು ನೋಡಿ ಮಾತ್ರ ಯಾರೂ ನಗುವುದಿಲ್ಲ. ಅದು ಯಾಕೆ ಹಳೆಯದಾಗುವುದಿಲ್ಲ ಅನ್ನುವುದೇ ನನ್ನ ಸಂಕಟ.

ಎಷ್ಟೇ ದೊಡ್ಡವರು ಮಾಡಿರಲಿ, ತಪ್ಪು ಇದ್ದೇ ಇರುತ್ತದೆ, ಹುಡುಕಿ ಹೆಂಡತಿಗೆ ತೋರಿಸಬೇಕು ಎಂದು ಹೊರಟೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸುವ ಜಾತಿ ನನ್ನದು. ಕ್ಯಾಮೆರಾ ರಿಪೇರಿಗೆ ಯಾದಗಿರಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಮಧ್ಯಾಹ್ನದ ಆಟಕ್ಕೆ ಹೋಗಿ ಕೂತೆ. ಅರ್ಧದೊಳಗೆ ಒಂದು ಸಿಕ್ಕಿತು: ಒಂದು ಕಡೆ ಹಡಗಿನ ನೆರಳು ಬೀಳಬಾರದ ಕಡೆ ಬಿದ್ದಿದೆ. ಖುಷಿಯಿಂದ ತೊಡೆ ತಟ್ಟಿಕೊಂಡೆ. ಆಮೇಲೆ ಆ ಸಮುದ್ರ ಬಂತು. ಮತ್ತೆ ನನಗೆ ಮೈಮೇಲೆ ಎಚ್ಚರ ಬಂದಾಗ ದೀಪ ಹತ್ತಿತ್ತು, ಜನ ಎದ್ದು ಹೋಗುತ್ತಿದ್ದರು.

ಮರುದಿನ ಅದೇ ರಿಪೇರಿಯ ನೆಪ ಹೇಳಿ ಮತ್ತೆ ಹೋದೆ. ಈ ಸಲ ಸಮುದ್ರ ಬಂದಾಗ ಮೇಲೆ ಫ್ಯಾನು ನೋಡುತ್ತಾ ಕೂರಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಫ್ಯಾನನ್ನೇ ನೋಡಿದೆ. ಆದರೆ ಇಡೀ ಟಾಕೀಸು ಒಮ್ಮೆಲೇ ಸುಮ್ಮನಾಯಿತು. ಸೀಟಿ ಹೊಡೆಯುತ್ತಿದ್ದವರು ಸುಮ್ಮನಾದರು, ಶೇಂಗಾ ಮಾರುವವನು ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತ. ಅಷ್ಟು ಜನ ಸುಮ್ಮನಿರುವಾಗ ಫ್ಯಾನು ನೋಡುತ್ತಾ ಕೂರಲು ನಾನೇನು ಕಲ್ಲೇ?

ಹೊರಗೆ ಬರುವಾಗ ತಲೆ ತುಂಬ ಸೆರಗು ಹೊದ್ದ ಒಬ್ಬ ಹೆಂಗಸು ಡಿಕ್ಕಿ ಹೊಡೆದಳು. ನೋಡಿದರೆ ನನ್ನ ಹೆಂಡತಿ! ಮಠಕ್ಕೆ ಪುರಾಣ ಕೇಳಲು ಹೋಗುತ್ತೇನೆಂದು ಹೇಳಿ ಹೋಗಿದ್ದಳು.

"ಯಾದಗಿರಿಂದ ಇಷ್ಟ ಜಲ್ದಿ ಬಂದ್ರಿ?"

"ಪುರಾಣ ಇಷ್ಟ ಜಲ್ದಿ ಮುಗೀತೇನು?"

ಇಬ್ಬರೂ ಮನೆಯ ದಾರಿ ಹಿಡಿದೆವು. ಕಡೆಗೆ ನನಗೇ ತಡೆಯಲಾಗಲಿಲ್ಲ. "ಏನದ ಅದರಾಗ? ಖರೇ ಹೇಳು. ಎಷ್ಟು ಸಲ ನೋಡತಿ?"

ಅವಳು ತಮಾಷೆ ಮಾಡಲಿಲ್ಲ. "ನಿಮ್ಮ ವಿಡಿಯೋದಾಗ ಎಲ್ಲಾರೂ ನನ್ನ ಕಡಿ ನೋಡತಾರ. ಊಟ ಮಾಡಾಕತ್ತವರೂ ತುತ್ತು ಕೈಯಾಗ ಹಿಡಕೊಂಡು ನನ್ನ ಕಡಿ ನೋಡತಾರ. ಆ ಹಡಗು ಹಂಗಲ್ಲ. ನಾ ನೋಡಿದ್ರೂ ಹೋಗತದ, ನೋಡದಿದ್ರೂ ಹೋಗತದ. ತನ್ನಷ್ಟಕ್ಕ ತಾ ಹೊಂಟಿರತದ. ಅದಕ್ಕ ನೋಡಬೇಕನಸತದ."

ಈ ಮಾತಿನ ಅರ್ಥ ನನಗೆ ಪೂರ್ತಿ ಆಯಿತು, ಅದಕ್ಕೇ ಹೆಚ್ಚು ನೋವಾಯಿತು. ಕೊನೆಯ ಅಸ್ತ್ರ ಬಿಟ್ಟೆ: "ಅದರಾಗೂ ಒಂದು ತಪ್ಪದ. ನಾ ಹಿಡದೀನಿ."

"ಆ ನೆರಳಿನ ತಪ್ಪಲ್ಲೇನ್ರಿ?"

"ನಿನಗ ಗೊತ್ತಿತ್ತ?"

"ಮೊದಲನೇ ಸಲಾನ ನೋಡೀನಿ. ಅಷ್ಟು ಚಂದ ಇದ್ದದ್ದಕ್ಕ ಒಂದು ದೃಷ್ಟಿಬೊಟ್ಟು ಬ್ಯಾಡೇನ್ರಿ?"

ಸುರಪುರದ ಮದುವೆ

ಇದು ಈಗಷ್ಟೇ ಆದದ್ದು. ಸುರಪುರದಲ್ಲಿ ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ. ವಿಡಿಯೋ ನಾನೇ ಮಾಡಬೇಕು, ಬೇರೆ ಮಾತೇ ಇಲ್ಲ. ಹೆಂಡತಿಯ ತವರುಮನೆ ಪೂರ್ತಿ ಒಂದೇ ಕಡೆ ಕೂತು ನೋಡುವ ವಿಡಿಯೋ. ಈ ಸಲವೂ ಅವಳ ಬಾಯಿ ತೆರೆಸಲಾಗದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಒಂದು ಹೊಸ ಕ್ಯಾಮೆರಾವನ್ನೇ ಕೊಂಡೆ. ಅದನ್ನು ಸ್ಟೇಜಿನ ಎದುರು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಾಲೂ ಮಾಡಿ ಬಿಟ್ಟೆ. ಹಳೆಯದನ್ನು ಹೆಗಲ ಮೇಲೆ ಇಟ್ಟುಕೊಂಡು ನಾನು ಸ್ಟೇಜಿನ ಮೇಲೆ ಓಡಾಡಿದೆ.

ನಮ್ಮ ಮದುವೆಗಳ ಪದ್ಧತಿ ಗೊತ್ತಲ್ಲ. ಬ್ಯಾಂಡಿನವರು ಜೋರು ಬಾರಿಸಿದ ಕೂಡಲೇ ಸ್ಟೇಜಿನ ಮೇಲಿದ್ದ ಬಂಧುಗಳೆಲ್ಲ ಅಕ್ಕಿಕಾಳು ಹಿಡಿದು ವಧುವರರ ಮೇಲೆ ಮುಗಿಬೀಳುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ನನ್ನ ಹೆಗಲಿನ ಕ್ಯಾಮೆರಾಕ್ಕೆ ಸಿಕ್ಕಿದ್ದು ಒಬ್ಬ ದೊಡ್ಡಪ್ಪನ ಬೆನ್ನು, ಪೂರ್ತಿ ಬೆನ್ನು. ಚಿಂತೆ ಮಾಡಲಿಲ್ಲ. ಎದುರಿನ ಹೊಸ ಕ್ಯಾಮೆರಾ ಸ್ಟ್ಯಾಂಡಿನ ಎತ್ತರದಿಂದ ಎಲ್ಲ ನೋಡುತ್ತಿದೆಯಲ್ಲ.

ಶಹಾಪುರಕ್ಕೆ ಬಂದು ಮಿಕ್ಸಿಂಗಿಗೆ ಕೂತೆ. ಹೊಸ ಕ್ಯಾಮೆರಾದಲ್ಲಿ ಇಡೀ ಮದುವೆ ಮಂಜು ಮುಸುಕಿದಂತೆ ಬಂದಿತ್ತು. ಸೀರಿಯಲ್ ಸೆಟ್ಟಿನ ಒಂದೊಂದು ಬಲ್ಬಿನಿಂದಲೂ ಮೇಲಕ್ಕೂ ಕೆಳಕ್ಕೂ ಬೆಳಕಿನ ಕಂಬಗಳು ಎದ್ದಿದ್ದವು. ಮುಖಗಳೆಲ್ಲ ಹೊಗೆಯೊಳಗಿಂದ ಬಂದಂತೆ. ಓಡಿಹೋಗಿ ಕ್ಯಾಮೆರಾ ನೋಡಿದೆ. ಮುಂದಿನ ಗಾಜಿನ ಮೇಲೆ ಅಡ್ಡಡ್ಡ ಮೂರು ಬೆರಳಿನ ಗೆರೆ. ವಿಭೂತಿ! ಯಾವ ಪುಣ್ಯಾತ್ಮ ಹಚ್ಚಿದನೋ ಎಂದು ಊರಿನ ಅರ್ಧ ಜನರಿಗೆ ಶಾಪ ಹಾಕಿದೆ. ತಾಳಿ ಕಟ್ಟುವುದು ಇದರಲ್ಲಿ ಬಿಟ್ಟರೆ ದೊಡ್ಡಪ್ಪನ ಬೆನ್ನಿನಲ್ಲಿ ಮಾತ್ರ ಇತ್ತು. ಕಮಲ ಗಿಮಲ ಹಾಕಲು ಮನಸ್ಸೇ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಕೂಡಿಸಿ, ತಲೆ ಮೇಲೆ ಕೈ ಹೊತ್ತುಕೊಂಡು ಸುರಪುರಕ್ಕೆ ಹೋದೆ.

ಹೆಂಡತಿಯ ತವರಿನಲ್ಲಿ ದೊಡ್ಡ ಟಿವಿಯ ಮುಂದೆ ಎಲ್ಲರೂ ಕೂತರು. ನಾನು ಬಾಗಿಲ ಪಕ್ಕ ಕೂತೆ, ಚಪ್ಪಲಿ ಹತ್ತಿರ ಇರಲಿ ಎಂದು. ವಿಡಿಯೋ ಶುರುವಾಯಿತು. ಯಾರೂ ಮಾತಾಡಲಿಲ್ಲ. ಬೈಯುವ ಮುಂಚಿನ ಮೌನ ಎಂದುಕೊಂಡು ತಲೆ ತಗ್ಗಿಸಿದೆ. ತಾಳಿ ಕಟ್ಟುವ ಭಾಗ ಬಂತು. ಬೆಳಕಿನ ಕಂಬಗಳ ನಡುವೆ ಆ ಹುಡುಗಿ, ಆ ಹುಡುಗ. ಮೇಲಿನಿಂದ ಬೀಳುವ ಒಂದೊಂದು ಅಕ್ಕಿಕಾಳೂ ಮಿಣುಕುತ್ತಿತ್ತು. ಸ್ಟ್ಯಾಂಡಿನ ಮೇಲೆ ಒಂಟಿಯಾಗಿ ನಿಂತಿದ್ದ ಆ ಕ್ಯಾಮೆರಾದ ಕಡೆ ಯಾರೂ ನೋಡಿರಲಿಲ್ಲ, ತಮ್ಮ ಪಾಡಿಗೆ ತಾವು ಇದ್ದರು.

ಮೆಲ್ಲಗೆ ತಲೆ ಎತ್ತಿ ಹೆಂಡತಿಯ ಕಡೆ ನೋಡಿದೆ.

ಬಾಯಿ ತೆರೆದಿತ್ತು. ಗೊರಕೆ ಇರಲಿಲ್ಲ. ಕಣ್ಣು ಮಿಟುಕಿಸುವುದನ್ನೂ ಮರೆತಿದ್ದಳು. ಯಾದಗಿರಿಯ ಟಾಕೀಸಿನಲ್ಲಿ ನೋಡಿದ ಅದೇ ಮುಖ. ಅವಳು ನನ್ನ ಕಡೆ ತಿರುಗಿ, ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತು ಕೇಳಿದಳು.

"ಇದನ್ನ ಹ್ಯಾಂಗ ಮಾಡಿದ್ರಿ?"

ಎದೆ ಉಬ್ಬಿಸಿದೆ. "ಅದು ನಮ್ಮ ಕಸುಬಿನ ಗುಟ್ಟು," ಎಂದೆ, ಸಾಧ್ಯವಾದಷ್ಟು ಗಂಭೀರವಾಗಿ.

ಮೂಲೆಯಲ್ಲಿ ಕೂತಿದ್ದ ನಮ್ಮ ಅತ್ತೆ ಬಾಯಿ ಹಾಕಿದರು. "ಏನ್ ಗುಟ್ಟರಿ ಅಳಿಯಾರ? ಇಕಿನ ಅಲ್ಲೇನು, ಮದುವಿ ದಿನ ಮುಂಜಾನೆ ನೀವು ಸ್ಟೇಜಿಗೆ ಹ್ವಾದ ಕೂಡಲೆ ನನ್ನ ವಿಭೂತಿ ಗಟ್ಟಿ ಇಸಕೊಂಡು ಹೋಗಿ ನಿಮ್ಮ ಕ್ಯಾಮೆರಾಕ ಹಚ್ಚಿದಾಕಿ? ನಾ ನೋಡೀನಿ."

ನಾನು ಹೆಂಡತಿಯ ಕಡೆ ನೋಡಿದೆ.

"ಹೌದಲ್ಲ ಯವ್ವಾ!" ಅಂದಳು ಅವಳು. "ಹೊಸಾ ಕ್ಯಾಮೆರಾ, ಮೊದಲನೇ ಮದುವಿ. ಹಣಿ ಬರಿದ ಇತ್ತು. ಬರಿ ಹಣೀಲೆ ಶುಭಕಾರ್ಯದಾಗ ನಿಂದ್ರಬಾರದಂತ ಮೂರು ಬಟ್ಟು ಎಳದೆ."

"ಅದು ಹಣಿ ಅಲ್ಲ, ಕಣ್ಣು!"

"ಗುಂಡಗ, ನುಣ್ಣಗ, ಮುಂದಿತ್ತು. ನಾ ಹಣಿ ಅನಕೊಂಡೆ." ಅಷ್ಟು ಹೇಳಿ ಅವಳು ಮತ್ತೆ ಟಿವಿ ಕಡೆ ತಿರುಗಿದಳು. "ಹಂಗಾರ ಇದು ನಾ ಮಾಡಿದ್ದು!" ಎಂದು ತನ್ನ ಕೆಲಸವನ್ನು ತಾನೇ ನೋಡುತ್ತಾ ಮತ್ತೆ ಬಾಯಿ ತೆರೆದಳು.

ಆವತ್ತಿನಿಂದ ಹಡಗಿನ ಸಿನಿಮಾದ ಮೇಲಿನ ನನ್ನ ಹೊಟ್ಟೆಕಿಚ್ಚು ಆರಿದೆ. ಅವರು ದೂರದವರು, ಅವರ ಪಾಡಿಗೆ ಅವರು ಇದ್ದಾರೆ. ಈಗ ಉರಿ ಮನೆಯೊಳಗೇ ಹತ್ತಿದೆ. ಆ ಮದುವೆಯ ವಿಡಿಯೋ, ವಿಭೂತಿಯ ಕಥೆಯ ಸಮೇತ, ಮೊಬೈಲಿನಿಂದ ಮೊಬೈಲಿಗೆ ಹಾರಿ ಯಾದಗಿರಿಯವರೆಗೂ ಹೋಗಿದೆ. ಹಡಗಿನ ಸಿನಿಮಾದ ಮಟ್ಟಕ್ಕೆ ಇದೆ ಎಂದು ಜನ ಹೇಳುತ್ತಾರೆ, ನನ್ನ ಹೆಂಡತಿ ನಾಚಿಕೊಂಡು ತಲೆ ಆಡಿಸುತ್ತಾಳೆ. ನಾನು ಒಳಗಿಂದ ಚಹಾ ತರುತ್ತೇನೆ.

ಮೊನ್ನೆ ಯಾದಗಿರಿಯಿಂದ ಒಬ್ಬರು ಮಗಳ ಮದುವೆಗೆಂದು ಫೋನ್ ಮಾಡಿದರು. ತಾರೀಖು ಹೇಳಿ, "ಅಕ್ಕಾರು ಅವತ್ತ ಖಾಲಿ ಅದಾರೇನ್ರಿ?" ಎಂದು ಕೇಳಿದರು.

"ಅದಾಳರಿ," ಎಂದೆ. ಆಮೇಲೆ ಮಾನ ಬಿಟ್ಟು ಸೇರಿಸಿದೆ: "ನಾನೂ ಖಾಲಿ ಅದೀನಿ."

ಆ ಕಡೆಯವರು ದೊಡ್ಡ ಮನಸ್ಸು ಮಾಡಿದರು.

"ಬರ್ರಿ ಬರ್ರಿ, ಅದಕ್ಕೇನು. ಅಕ್ಕಾರು ವಿಭೂತಿ ಹಚ್ಚಾಕ ಒಂದು ಕ್ಯಾಮೆರಾ ಬೇಕಲ್ರಿ, ಅದನ್ನ ಹೊರಾಕ ಒಬ್ಬರಾದ್ರೂ ಬೇಕು."